ಬಗ್ದಾದಿನಿಂದ ಮಾಗಡಿ ರಸ್ತೆಯವರೆಗೆ: ಮದ್ದೂ ಒಂದು ಅಮಾನತ್

ಜುಮಾ ನಮಾಝ್ ಮುಗಿಸಿ ಹೊರಬಂದರೆ, ಮಸೀದಿ ಗೋರಿಪಾಳ್ಯದ್ದಿರಲಿ, ಕೆಂಗೇರಿಯದ್ದಿರಲಿ, ಗೇಟಿನ ಬಳಿ ಅತ್ತರ್, ಟೋಪಿ, ಮಿಸ್ವಾಕ್‌ಗಳ ಪಕ್ಕದಲ್ಲಿ ಕಲೌಂಜಿ ಎಣ್ಣೆಯ ಪುಟ್ಟ ಸೀಸೆಗಳೂ ಕಾಣಸಿಗುತ್ತವೆ. ನಮ್ಮಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಇಯಾದತ್‌ಗೆ ಬರುವವರು ಬರಿಗೈಯಲ್ಲಿ ಬರುವುದಿಲ್ಲ. ಒಬ್ಬರು ಜೇನು ತರುತ್ತಾರೆ, ಇನ್ನೊಬ್ಬರು ಅಮೃತಬಳ್ಳಿಯ ಕಷಾಯ ತರುತ್ತಾರೆ, ಮತ್ತೊಬ್ಬರು ಊರಿನ ಹಕೀಮರ ಪುಡಿ ಕಟ್ಟಿಸಿ ತರುತ್ತಾರೆ. ಎಲ್ಲರೂ ಹೇಳುವುದು ಒಂದೇ ಮಾತು: ಇದರಿಂದ ರೋಗನಿರೋಧಕ ಶಕ್ತಿ ಹೆಚ್ಚುತ್ತದೆ, ಗಿಡದಿಂದ ಮಾಡಿದ್ದು, ಏನೂ ತೊಂದರೆಯಿಲ್ಲ.

ಆ ಪ್ರೀತಿಯ ಬಗ್ಗೆ ನಮಗೆ ಸಂಶಯವಿಲ್ಲ. ಆದರೆ ಮಲಗಿರುವವರು ಕ್ಯಾನ್ಸರ್‌ಗೆ ಕೀಮೋಥೆರಪಿ ಪಡೆಯುತ್ತಿರುವ ತಾಯಿಯಾಗಿರಬಹುದು, ಮೂತ್ರಪಿಂಡ ಕಸಿ ಮಾಡಿಸಿಕೊಂಡ ಅಣ್ಣನಾಗಿರಬಹುದು, ಎಂಬತ್ತು ದಾಟಿದ ದಾದಾಜಾನ್ ಆಗಿರಬಹುದು. ಶಕ್ತಿ ಕುಗ್ಗಿದ ದೇಹಕ್ಕೆ ನಾವು ಕೊಡುವ ಒಂದೊಂದು ಚಮಚಕ್ಕೂ ಲೆಕ್ಕವಿದೆ. ಗಿಡಮೂಲಿಕೆಯ ವಿಷಯದಲ್ಲಿ ನಮ್ಮ ಪೂರ್ವಿಕರು ನಡೆದ ದಾರಿ ಯಾವುದು? ಅದು ಸಿಕ್ಕಿದ್ದನ್ನು ನಂಬಿ ಕುಡಿಸಿದ ದಾರಿಯೇ, ಅಥವಾ ತಿಳಿದು, ಅಳೆದು, ಪರೀಕ್ಷಿಸಿ ಕೊಟ್ಟ ದಾರಿಯೇ? ಈ ಇತಿಹಾಸವನ್ನು ಒಮ್ಮೆ ನೋಡೋಣ. ಅದರ ಒಂದು ತುದಿ ನಮ್ಮ ಪಶ್ಚಿಮ ಬೆಂಗಳೂರಿನಲ್ಲೇ ಇದೆ.

ಎಣಿಸಿ ಕೊಟ್ಟ ಕಾಳು

ಸಾವೊಂದನ್ನು ಬಿಟ್ಟು ಎಲ್ಲ ರೋಗಗಳಿಗೂ ಕಪ್ಪು ಕಾಳಿನಲ್ಲಿ ಶಿಫಾ ಇದೆ ಎಂಬ ಅರ್ಥದ ಹದೀಸ್ ಬುಖಾರಿಯಲ್ಲಿದೆ. ನಮ್ಮ ಮನೆಗಳಲ್ಲಿ ಅದನ್ನು ತಿಳಿಯದವರಿಲ್ಲ. ಆದರೆ ಆ ವರದಿಯ ಜೊತೆಗಿರುವ ಪ್ರಸಂಗ ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಪ್ರಯಾಣದಲ್ಲಿ ಗಾಲಿಬ್ ಬಿನ್ ಅಬ್ಜರ್ ಎಂಬವರು ಕಾಯಿಲೆ ಬೀಳುತ್ತಾರೆ. ಅವರನ್ನು ನೋಡಲು ಬಂದ ಇಬ್ನ್ ಅಬೀ ಅತೀಕ್‌ರು ಕಪ್ಪು ಕಾಳಿನ ಚಿಕಿತ್ಸೆ ಹೇಳುತ್ತಾರೆ: ಐದು ಅಥವಾ ಏಳು ಕಾಳು ತೆಗೆದುಕೊಂಡು, ಅರೆದು, ಎಣ್ಣೆಯಲ್ಲಿ ಬೆರೆಸಿ, ಎರಡೂ ಮೂಗಿನ ಹೊಳ್ಳೆಗಳಿಗೆ ಹನಿ ಹಾಕಬೇಕು. ಆ ಮೇಲೆ ಹಝ್ರತ್ ಆಯಿಶಾ(ರ) ಅವರಿಂದ ಕೇಳಿದ ಹದೀಸನ್ನು ಉಲ್ಲೇಖಿಸುತ್ತಾರೆ. ಇಲ್ಲಿ ಕಾಳಿನ ಎಣಿಕೆಯಿದೆ, ತಯಾರಿಸುವ ಕ್ರಮವಿದೆ, ಕೊಡುವ ವಿಧಾನವಿದೆ.

'ಎಲ್ಲ ರೋಗ' ಎಂಬ ಮಾತಿನ ವ್ಯಾಪ್ತಿಯನ್ನೂ ವಿದ್ವಾಂಸರು ಚರ್ಚಿಸಿದ್ದಾರೆ. ಹತ್ತನೆಯ ಶತಮಾನದ ಹದೀಸ್ ವಿದ್ವಾಂಸ ಅಲ್-ಖತ್ತಾಬಿಯವರು ಈ ಮಾತು ಸಾಮಾನ್ಯ ರೂಪದಲ್ಲಿದ್ದರೂ ಉದ್ದೇಶ ನಿರ್ದಿಷ್ಟ, ಶೀತ ಮತ್ತು ಕಫದಿಂದ ಬರುವ ರೋಗಗಳಿಗೆ ಅದು ಅನ್ವಯಿಸುತ್ತದೆ ಎಂದು ವಿವರಿಸಿದರು. ಬೇರೆ ಅಭಿಪ್ರಾಯ ಇದ್ದವರೂ ಇದ್ದರು. ಆದರೆ ಪ್ರಶ್ನೆ ಕೇಳುವುದೇ ಈಮಾನ್‌ಗೆ ವಿರುದ್ಧ ಎಂದು ಅವರಲ್ಲಿ ಯಾರೂ ಭಾವಿಸಲಿಲ್ಲ.

ಇನ್ನೆರಡು ವರದಿಗಳನ್ನು ಇದರ ಜೊತೆ ಇಟ್ಟು ನೋಡಬೇಕು. ಸಅದ್ ಬಿನ್ ಅಬೀ ವಕ್ಕಾಸ್(ರ) ಕಾಯಿಲೆ ಬಿದ್ದಾಗ ಪ್ರವಾದಿವರ್ಯರು(ಸ) ಅವರನ್ನು ನೋಡಲು ಹೋದರು. ಸಕೀಫ್ ಗೋತ್ರದ ಹಾರಿಸ್ ಬಿನ್ ಕಲದಾ ಎಂಬ ವೈದ್ಯನ ಬಳಿಗೆ ಹೋಗುವಂತೆ ಹೇಳಿದರು ಎಂದು ಅಬೂದಾವೂದ್‌ನಲ್ಲಿದೆ. ವೈದ್ಯ ವಿದ್ಯೆ ಬಲ್ಲವನೆಂದು ಗುರುತಿಸಿಕೊಳ್ಳದವನು ಚಿಕಿತ್ಸೆ ಮಾಡಿದರೆ ಆಗುವ ಹಾನಿಗೆ ಅವನೇ ಹೊಣೆ ಎಂಬ ವರದಿ ಅಬೂದಾವೂದ್, ನಸಾಈ ಮತ್ತು ಇಬ್ನ್ ಮಾಜದಲ್ಲಿ ಬಂದಿದೆ. ಫಿಕ್ಹ್ ವಿದ್ವಾಂಸರು ವೈದ್ಯನ ಹೊಣೆಗಾರಿಕೆಯ ನಿಯಮಗಳನ್ನು ರೂಪಿಸುವಾಗ ಈ ವರದಿಯನ್ನು ಆಧಾರವಾಗಿಟ್ಟುಕೊಂಡರು. ಒಳ್ಳೆಯ ಉದ್ದೇಶ ಇತ್ತು ಎಂಬ ಒಂದೇ ಕಾರಣಕ್ಕೆ ಹೊಣೆ ತಪ್ಪುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಹೆಸರು ತಿಳಿಯದಿದ್ದರೆ ಹಾಗೆಯೇ ಬಿಟ್ಟರು

ಒಂಬತ್ತನೆಯ ಶತಮಾನದ ಬಗ್ದಾದ್. ಖಲೀಫ ಮುತವಕ್ಕಿಲ್‌ನ ಕಾಲ. ಡಯಾಸ್ಕೊರಿಡೀಸ್ ಎಂಬ ಗ್ರೀಕ್ ವೈದ್ಯನ ಗಿಡಮೂಲಿಕೆ ಗ್ರಂಥವನ್ನು ಇಸ್ತಿಫಾನ್ ಬಿನ್ ಬಸೀಲ್ ಅರಬಿಗೆ ತಂದರು. ಹುನೈನ್ ಬಿನ್ ಇಸ್‌ಹಾಕ್ ಅದನ್ನು ತಿದ್ದಿದರು. ಇಬ್ಬರೂ ಕ್ರೈಸ್ತ ಧರ್ಮೀಯರು. ವಿದ್ಯೆಯ ಕೆಲಸದಲ್ಲಿ ಬಗ್ದಾದ್ ಎಲ್ಲರನ್ನೂ ಕೂಡಿಸಿಕೊಂಡಿತ್ತು. ಯಾವ ಗಿಡಕ್ಕೆ ಅರಬಿ ಹೆಸರು ಗೊತ್ತಿತ್ತೋ ಅದನ್ನು ಇಸ್ತಿಫಾನ್ ಬರೆದರು. ಗೊತ್ತಿಲ್ಲದ ಗಿಡಗಳ ಹೆಸರನ್ನು ಗ್ರೀಕಿನಲ್ಲೇ ಉಳಿಸಿದರು. ಮುಂದೆ ಬಲ್ಲವರೊಬ್ಬರು ಬಂದು ಅದನ್ನು ಸರಿಪಡಿಸಲಿ ಎಂಬುದು ಅವರ ಆಶಯವಾಗಿತ್ತು ಎಂದು ಕುರ್ತುಬಾದ ವೈದ್ಯ ಇಬ್ನ್ ಜುಲ್ಜುಲ್ ದಾಖಲಿಸಿದ್ದಾರೆ. ಊಹಿಸಿ ಒಂದು ಹೆಸರು ಬರೆಯುವುದು ಕಷ್ಟದ ಕೆಲಸವಾಗಿರಲಿಲ್ಲ. ಆದರೆ ತಪ್ಪು ಹೆಸರು ಎಂದರೆ ತಪ್ಪು ಗಿಡ, ತಪ್ಪು ಗಿಡ ಎಂದರೆ ಒಬ್ಬ ರೋಗಿಯ ಪ್ರಾಣ.

ಬಲ್ಲವರು ಬರಲು ಸುಮಾರು ನೂರು ವರ್ಷ ಹಿಡಿಯಿತು. ಅಂದಲೂಸ್‌ನ ಮೂರನೇ ಅಬ್ದುರ್ರಹ್ಮಾನ್‌ಗೆ ಬೈಜಾಂಟೈನ್ ದೊರೆ ಅದೇ ಗ್ರಂಥದ ಚಿತ್ರಸಹಿತ ಗ್ರೀಕ್ ಪ್ರತಿಯನ್ನು ಕಾಣಿಕೆಯಾಗಿ ಕಳಿಸಿದ. ಕುರ್ತುಬಾದಲ್ಲಿ ಅದನ್ನು ಓದಬಲ್ಲವರು ಇರಲಿಲ್ಲ. 951ರಲ್ಲಿ ನಿಕೊಲಸ್ ಎಂಬ ಸನ್ಯಾಸಿ ಅಲ್ಲಿಗೆ ಬಂದ. ಯಹೂದಿ ವೈದ್ಯ ಹಸ್ದಾಯಿ ಬಿನ್ ಶಪ್ರೂತ್ ಸೇರಿದಂತೆ ನಗರದ ವೈದ್ಯರು ಅವನೊಡನೆ ಕುಳಿತು, ಒಂದೊಂದೇ ಗಿಡವನ್ನು ಗುರುತು ಹಿಡಿದರು. ಕೊನೆಗೆ ಸುಮಾರು ಹತ್ತು ಗಿಡಗಳು ಮಾತ್ರ ಗುರುತಾಗದೆ ಉಳಿದವು. ಮಲಾಗಾದಲ್ಲಿ ಹುಟ್ಟಿದ ಇಬ್ನುಲ್ ಬೈತಾರ್ ಉತ್ತರ ಆಫ್ರಿಕಾದಿಂದ ಸಿರಿಯಾದವರೆಗೆ ಗಿಡ ಹುಡುಕುತ್ತ ನಡೆದು, ಸುಮಾರು 1400 ಔಷಧ ದ್ರವ್ಯಗಳ ವಿವರವನ್ನು, ಅವುಗಳಿಗೆ ಬೇರೆ ಬೇರೆ ಭಾಷೆಗಳಲ್ಲಿದ್ದ ಹೆಸರುಗಳ ಸಮೇತ ಬರೆದಿಟ್ಟು, 1248ರಲ್ಲಿ ದಮಾಸ್ಕಸ್‌ನಲ್ಲಿ ತೀರಿಕೊಂಡರು.

ಹೆಸರಿನ ಈ ತೊಡಕು ಇಂದಿಗೂ ಮುಗಿದಿಲ್ಲ. ನಮ್ಮ ಗ್ರಂಧಿಗೆ ಅಂಗಡಿಗೆ ಹೋಗಿ 'ಕಾಲಾ ಜೀರಾ' ಎಂದು ಕೇಳಿದರೆ ಕಲೌಂಜಿ ಸಿಗಬಹುದು, ಶಾಹಿ ಜೀರಿಗೆ ಸಿಗಬಹುದು, ಕಹಿಯಾದ ಕಾಡುಜೀರಿಗೆಯೂ ಸಿಗಬಹುದು. ಮೂರೂ ಬೇರೆ ಬೇರೆ ಗಿಡಗಳು, ಮೂರರ ಗುಣವೂ ಬೇರೆ. ಹದೀಸಿನ ಹೆಸರು ಹೇಳಿ ನಾವು ಯಾವುದನ್ನು ಕುಡಿಸುತ್ತಿದ್ದೇವೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕಲ್ಲವೇ?

ತಬೀಅತ್ ಮತ್ತು ಪರೀಕ್ಷೆ

ನಮ್ಮ ಮನೆಗಳ ಉರ್ದುವಿನಲ್ಲಿ ದಿನಕ್ಕೆ ಹತ್ತು ಬಾರಿ ಕೇಳುವ ಮಾತು: 'ತಬಿಯತ್ ಕೈಸಿ ಹೈ?' ಈ ಪದ ನೇರವಾಗಿ ತಿಬ್ಬ್‌ನಿಂದ ಬಂದದ್ದು. ಯೂನಾನಿ ವೈದ್ಯರ ಪ್ರಕಾರ ತಬೀಅತ್ ಎಂದರೆ ದೇಹ ತನ್ನನ್ನು ತಾನೇ ನಡೆಸಿಕೊಳ್ಳುವ, ರೋಗವನ್ನು ಎದುರಿಸುವ ಶಕ್ತಿ. ವಾಸಿ ಮಾಡುವುದು ತಬೀಅತ್, ವೈದ್ಯ ಅದರ ಸಹಾಯಕ ಎಂಬುದು ಅವರ ನಿಲುವು. ಇಂದು ನಾವು ರೋಗನಿರೋಧಕ ಶಕ್ತಿ ಎನ್ನುವುದಕ್ಕೆ ಹಳೆಯ ಗ್ರಂಥಗಳಲ್ಲಿ ಹತ್ತಿರವಾದ ಕಲ್ಪನೆ ಇದೇ. ಆದ್ದರಿಂದಲೇ ಬಲಹೀನರಿಗೆ, ವೃದ್ಧರಿಗೆ, ಮಕ್ಕಳಿಗೆ ಬೇರೆ ಆಹಾರ, ಬೇರೆ ಮದ್ದು, ಬೇರೆ ಅಳತೆ ಎಂದು ಅವರು ವಿಂಗಡಿಸಿದರು.

ಸುಮಾರು 925ರಲ್ಲಿ ತೀರಿಕೊಂಡ ಅಬೂಬಕ್ರ್ ಅಲ್-ರಾಝಿ, ಮಿದುಳಿನ ಉರಿಯೂತದ ಲಕ್ಷಣವಿದ್ದ ಒಂದು ಗುಂಪಿನ ರೋಗಿಗಳಿಗೆ ರಕ್ತ ತೆಗೆಯುವ ಚಿಕಿತ್ಸೆ ಮಾಡಿ, ಇನ್ನೊಂದು ಗುಂಪಿಗೆ ಬೇಕೆಂದೇ ಮಾಡದೆ ಬಿಟ್ಟು, ಎರಡನ್ನೂ ಹೋಲಿಸಿ ನೋಡಿದರು. ಒಂದು ಚಿಕಿತ್ಸೆಯಿಂದ ಗುಣವಾಯಿತೇ ಅಥವಾ ತಾನಾಗಿಯೇ ಗುಣವಾಯಿತೇ ಎಂಬ ಪ್ರಶ್ನೆ ಅವರಿಗೆ ಆಗಲೇ ಎದ್ದಿತ್ತು. ಅವರ ನಂತರ ಬಂದ ಇಬ್ನ್ ಸೀನಾ 'ಅಲ್-ಕಾನೂನ್'ನ ಎರಡನೆಯ ಸಂಪುಟದಲ್ಲಿ ಏಳುನೂರಕ್ಕೂ ಹೆಚ್ಚು ಸರಳ ಮದ್ದುಗಳನ್ನು ವಿವರಿಸುವ ಮುನ್ನ, ಮದ್ದನ್ನು ಪರೀಕ್ಷಿಸುವ ನಿಯಮಗಳನ್ನು ಬರೆದರು. ಮದ್ದು ಕಲಬೆರಕೆಯಿಲ್ಲದೆ ಶುದ್ಧವಾಗಿರಬೇಕು. ಹಲವು ರೋಗಗಳು ಕೂಡಿದವನ ಮೇಲಲ್ಲ, ಒಂದೇ ರೋಗವಿರುವವನ ಮೇಲೆ ನೋಡಬೇಕು. ಒಮ್ಮೆ ಫಲ ಕೊಟ್ಟರೆ ಸಾಲದು. ಮತ್ತೆ ಮತ್ತೆ ಅದೇ ಫಲ ಬರಬೇಕು. ಕೊನೆಯದಾಗಿ, ಮನುಷ್ಯನ ದೇಹದಲ್ಲೇ ಪರೀಕ್ಷೆಯಾಗಬೇಕು. ಪ್ರಾಣಿಯಲ್ಲಿ ಕಂಡದ್ದು ಮನುಷ್ಯನಿಗೆ ಹೊಂದಬೇಕೆಂದಿಲ್ಲ. ಸಾವಿರ ವರ್ಷಗಳ ಹಿಂದೆ ಬರೆದ ಈ ಮಾತುಗಳನ್ನು ಇಂದಿನ ಯಾವ ಔಷಧ ವಿಜ್ಞಾನಿಯೂ ತಳ್ಳಿಹಾಕಲಾರ.

ಬೇರಿನೊಳಗಿನ ಸತ್ವ

ಭಾರತದಲ್ಲಿ ಈ ಪರಂಪರೆಯನ್ನು ಹೊಸ ರಸಾಯನ ಶಾಸ್ತ್ರದ ಜೊತೆ ಬೆಸೆದವರು ದಿಲ್ಲಿಯ ಹಕೀಮ್ ಅಜ್ಮಲ್ ಖಾನ್. ಅವರು ಕಟ್ಟಿದ ಆಯುರ್ವೇದ ಮತ್ತು ಯೂನಾನಿ ತಿಬ್ಬಿಯಾ ಕಾಲೇಜನ್ನು 1921ರಲ್ಲಿ ಗಾಂಧೀಜಿ ಉದ್ಘಾಟಿಸಿದರು. ಜರ್ಮನಿಯಲ್ಲಿ ಓದುತ್ತಿದ್ದ ಸಲೀಮುಝ್ಝಮಾನ್ ಸಿದ್ದೀಕಿಯವರನ್ನು ಹಕೀಮ್ ಸಾಹೇಬರು ಈ ಕೆಲಸಕ್ಕೆ ಕರೆದರು. ಸಿದ್ದೀಕಿಯವರು ಮರಳಿ ಬರುವ ಹೊತ್ತಿಗೆ, 1927ರ ಕೊನೆಯಲ್ಲಿ, ಹಕೀಮ್ ಸಾಹೇಬರು ತೀರಿಕೊಂಡಿದ್ದರು. ಆದರೂ ಕೆಲಸ ನಿಲ್ಲಲಿಲ್ಲ. 1931ರಲ್ಲಿ ಸರ್ಪಗಂಧದ ಬೇರಿನಿಂದ ಸಿದ್ದೀಕಿಯವರು ಹಲವು ಸತ್ವಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಮ್ ಸಾಹೇಬರ ನೆನಪಿಗೆ 'ಅಜ್ಮಲೀನ್' ಎಂದು ಹೆಸರಿಟ್ಟರು. ಅದು ಹೃದಯದ ಬಡಿತಕ್ಕೆ ಸಂಬಂಧಿಸಿದ ಔಷಧವಾಗಿ ಜಗತ್ತಿನ ವೈದ್ಯ ಗ್ರಂಥಗಳನ್ನು ಸೇರಿತು. ಒಂದೇ ಬೇರಿನೊಳಗೆ ಹಲವು ಸತ್ವಗಳಿರುತ್ತವೆ, ಒಂದೊಂದೂ ಒಂದೊಂದು ಕೆಲಸ ಮಾಡುತ್ತದೆ ಎಂಬುದನ್ನು ಈ ಶೋಧ ಕಣ್ಣೆದುರು ತಂದಿತು. ಕಲೌಂಜಿಯ ವಿಷಯದಲ್ಲೂ ಹೀಗೆಯೇ ಆಯಿತು. 1963ರಲ್ಲಿ ಈಜಿಪ್ಟಿನ ಸಂಶೋಧಕ ಅಲ್-ದಖಾಖ್ನಿಯವರು ಅದರ ಎಣ್ಣೆಯಲ್ಲಿದ್ದ ಥೈಮೋಕ್ವಿನೋನ್ ಎಂಬ ಸತ್ವದ ವಿವರ ಪ್ರಕಟಿಸಿದರು. ಪ್ರಯೋಗಾಲಯಗಳಲ್ಲಿ ಅದರ ಮೇಲಿನ ಅಧ್ಯಯನ ಇಂದಿಗೂ ನಡೆಯುತ್ತಿದೆ.

ಇದೇ ಇತಿಹಾಸದ ಇನ್ನೊಂದು ಘಟನೆ ನಮ್ಮ ಚರ್ಚೆಗೆ ಬಹಳ ಮುಖ್ಯ. ನಮ್ಮ ಅಂಗಳದಲ್ಲಿ, ಕಬರಸ್ಥಾನಗಳಲ್ಲಿ ವರ್ಷವಿಡೀ ಹೂಬಿಡುವ ನಿತ್ಯಪುಷ್ಪ ಅಥವಾ ಸದಾಬಹಾರ್ ಗಿಡವಿದೆಯಲ್ಲ, ಅದರ ಎಲೆ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂಬ ನಂಬಿಕೆ ಹಲವು ದೇಶಗಳಲ್ಲಿತ್ತು. ಅದನ್ನು ಪರೀಕ್ಷಿಸಲು ಕೆನಡಾದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಇಲಿಗಳಿಗೆ ಎಲೆಯ ಸಾರ ಚುಚ್ಚಿದರು. ಸಕ್ಕರೆ ಇಳಿಯಲಿಲ್ಲ. ಬದಲಿಗೆ ಇಲಿಗಳು ಸೋಂಕು ತಗುಲಿ ಸತ್ತವು. ಕಾರಣ ಹುಡುಕಿದಾಗ ತಿಳಿದದ್ದು: ಆ ಎಲೆಯ ಸತ್ವ ಮೂಳೆಮಜ್ಜೆಯನ್ನು ಕುಗ್ಗಿಸಿ, ಸೋಂಕಿನೊಡನೆ ಹೋರಾಡುವ ಬಿಳಿರಕ್ತಕಣಗಳನ್ನು ಇಳಿಸಿಬಿಟ್ಟಿತ್ತು. ಬಿಳಿರಕ್ತಕಣಗಳು ಮಿತಿಮೀರಿ ಬೆಳೆಯುವ ರಕ್ತದ ಕ್ಯಾನ್ಸರಿಗೆ ಇದನ್ನೇ ಮದ್ದಾಗಿಸಬಾರದೇಕೆ ಎಂದು ಅವರು ಯೋಚಿಸಿದರು. 1958ರಲ್ಲಿ ವಿನ್‌ಬ್ಲಾಸ್ಟಿನ್ ವರದಿಯಾಯಿತು. ಅದರ ಬೆನ್ನಲ್ಲೇ ಬಂದ ವಿನ್‌ಕ್ರಿಸ್ಟಿನ್ ಇಂದಿಗೂ ರಕ್ತದ ಕ್ಯಾನ್ಸರ್ ಇರುವ ಮಕ್ಕಳ ಚಿಕಿತ್ಸೆಯ ಮುಖ್ಯ ಔಷಧಗಳಲ್ಲೊಂದು.

ಒಂದೇ ಗಿಡ, ಅರಿಯದೆ ಕೊಟ್ಟರೆ ದೇಹದ ಕಾವಲನ್ನೇ ಕೆಡವುತ್ತದೆ. ತಜ್ಞರ ಕೈಯಲ್ಲಿ ಮಿಲಿಗ್ರಾಮಿನ ಲೆಕ್ಕದಲ್ಲಿ ಮಗುವಿನ ಜೀವ ಉಳಿಸುತ್ತದೆ. 'ಗಿಡದಿಂದ ಬಂದದ್ದು, ತೊಂದರೆಯಿಲ್ಲ' ಎಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಕೊಟ್ಟಿಗೆಪಾಳ್ಯದ ತಿರ್ಯಾಕ್

ಈಗ ನಮ್ಮ ಊರಿಗೆ ಬರೋಣ. ಬಸವೇಶ್ವರನಗರದ ಸಿದ್ದಯ್ಯ ಪುರಾಣಿಕ ರಸ್ತೆಯಲ್ಲಿ ಸರ್ಕಾರಿ ಯೂನಾನಿ ವೈದ್ಯಕೀಯ ಕಾಲೇಜಿದೆ. ಅಲ್ಲಿಂದ ಮಾಗಡಿ ರಸ್ತೆ ಹಿಡಿದು ಮುಂದೆ ಹೋದರೆ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯೂನಾನಿ ವೈದ್ಯಕೀಯ ಸಂಸ್ಥೆ ಸಿಗುತ್ತದೆ. ಕೇಂದ್ರ ಮತ್ತು ಕರ್ನಾಟಕ ಸರ್ಕಾರಗಳು ಕೂಡಿ 1984ರಲ್ಲಿ ನೋಂದಾಯಿಸಿದ ಸಂಸ್ಥೆ ಇದು. 2004ರಿಂದ ಇಲ್ಲಿ ಸ್ನಾತಕೋತ್ತರ ಶಿಕ್ಷಣ ನಡೆಯುತ್ತಿದೆ. ಆಸ್ಪತ್ರೆಯಿದೆ, ಔಷಧಿ ಗಿಡಗಳ ತೋಟವಿದೆ, ಮದ್ದಿನ ಗುಣ ತಿಳಿಯುವ ಇಲ್ಮುಲ್ ಅದ್ವಿಯಾ ವಿಭಾಗವಿದೆ, ಊರಿನ ಆರೋಗ್ಯ ಕಾಯುವ ತಹಫ್ಫುಝಿ ವ ಸಮಾಜಿ ತಿಬ್ ವಿಭಾಗವಿದೆ. ವಿಜಯನಗರ, ರಾಜಾಜಿನಗರದಲ್ಲಿರುವ ನಮ್ಮಲ್ಲಿ ಎಷ್ಟೋ ಮಂದಿ ಇದರ ಮುಂದೆ ಬಸ್ಸಿನಲ್ಲಿ ಹಾದು ಹೋಗುತ್ತೇವೆ. ಒಳಗೆ ಏನು ನಡೆಯುತ್ತದೆ ಎಂದು ಕೇಳಿದವರು ಕಡಿಮೆ.

ಅಲ್ಲಿ ನಡೆದ ಒಂದು ಕೆಲಸ ನೇರವಾಗಿ ನಮ್ಮ ವಿಷಯಕ್ಕೆ ಸೇರಿದ್ದು. ವಬಾ ಎಂದರೆ ಪಿಡುಗು. ಪಿಡುಗಿನ ಕಾಲಕ್ಕೆಂದು ಹಳೆಯ ಹಕೀಮರು ಇಟ್ಟುಕೊಂಡಿದ್ದ ಮದ್ದು ತಿರ್ಯಾಕ್-ಎ-ವಬಾಯಿ. ಮುಸಬ್ಬರ, ಅಂದರೆ ಲೋಳೆಸರದ ಒಣಗಿಸಿದ ಕಹಿ ರಸ, ಮುರ್ ಎಂಬ ಬೋಳದ ಅಂಟು, ಮತ್ತು ಕೇಸರಿ, ಈ ಮೂರು ಸೇರಿ ಅದು ಆಗುತ್ತದೆ. ಇದೇ ಕೂಟದ ಗುಳಿಗೆಯನ್ನು ಯುರೋಪಿನವರು ಗ್ರೀಕ್ ವೈದ್ಯ ರೂಫಸ್‌ನ ಹೆಸರಿನಿಂದ ಶತಮಾನಗಳ ಕಾಲ ಬಳಸಿದರು. ವಯಸ್ಸಾದಂತೆ ದೇಹದ ಕಾವಲು ಕುಗ್ಗುತ್ತದೆ. ಆ ವಯಸ್ಸಿನವರಿಗೆ ಈ ಹಳೆಯ ಮದ್ದು ನೆರವಾಗುವುದೇ ಎಂದು ಕೊಟ್ಟಿಗೆಪಾಳ್ಯದ ಸಂಶೋಧಕರು ಪರೀಕ್ಷಿಸಿದರು. ಹಿರಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ತಿರ್ಯಾಕ್ ತುಂಬಿದ ಕ್ಯಾಪ್ಸೂಲ್, ಇನ್ನೊಂದಕ್ಕೆ ಮದ್ದಿಲ್ಲದ ಕ್ಯಾಪ್ಸೂಲ್ ಕೊಟ್ಟರು. ಯಾರಿಗೆ ಯಾವುದು ಎಂದು ತೆಗೆದುಕೊಳ್ಳುವವರಿಗೆ ಗೊತ್ತಿರಲಿಲ್ಲ. 45 ದಿನ ಇದು ನಡೆಯಿತು. 2013ರಲ್ಲಿ ಪ್ರಕಟವಾದ ವರದಿಯಂತೆ, ಮದ್ದು ಪಡೆದವರ ರಕ್ತದಲ್ಲಿ ಬಿಳಿರಕ್ತಕಣಗಳ ಮತ್ತು ಸೋಂಕು ಎದುರಿಸುವ ಸಿಡಿ4 ಕಣಗಳ ಎಣಿಕೆ ಹೆಚ್ಚಿತು.

ಇದನ್ನು ಓದಿ ಸಂತೋಷವಾಗುವುದು ಸಹಜ. ಆದರೆ ವರದಿ ಹೇಳಿದಷ್ಟನ್ನೇ ನಾವು ಹೇಳಬೇಕು. ಭಾಗವಹಿಸಿದವರ ಗುಂಪು ಚಿಕ್ಕದು, ಅವಧಿ ಕಡಿಮೆ. ರಕ್ತದ ಎಣಿಕೆ ಏರಿತು ಎಂದರೆ ಅವರಿಗೆ ಕಾಯಿಲೆ ಕಡಿಮೆ ಬಂತು ಎಂದು ಅರ್ಥವಲ್ಲ. ಹಿರಿಯರಲ್ಲಿ ಕಂಡದ್ದು ಕೀಮೋಥೆರಪಿಯಲ್ಲಿರುವವರಿಗೆ ಅನ್ವಯಿಸುವುದಿಲ್ಲ. ಮುಸಬ್ಬರ ಬಲವಾದ ಭೇದಿ ಮದ್ದು ಕೂಡ ಹೌದು. ಗರ್ಭಿಣಿಯರಿಗೆ ಅದು ಸಲ್ಲದು. ಹೀಗಿದ್ದರೂ ಈ ಅಧ್ಯಯನಕ್ಕೆ ಬೆಲೆಯಿದೆ. ರಾಝಿಯವರು ಎರಡು ಗುಂಪುಗಳನ್ನು ಹೋಲಿಸಿದ ದಾರಿಯಲ್ಲೇ, ಹನ್ನೊಂದು ಶತಮಾನಗಳ ನಂತರ, ಮಾಗಡಿ ರಸ್ತೆಯ ಒಂದು ಆಸ್ಪತ್ರೆಯಲ್ಲಿ ಹಳೆಯ ಮದ್ದನ್ನು ಅಳೆದು ನೋಡಲಾಯಿತು.

ಅಮೃತಬಳ್ಳಿ ಕಲಿಸಿದ್ದು

2020ರಲ್ಲಿ ಕೊರೊನಾ ಬಂದಾಗ ಬೆಂಗಳೂರಿನ ಕಾಂಪೌಂಡುಗಳ ಮೇಲೆ ಹಬ್ಬಿದ್ದ ಅಮೃತಬಳ್ಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಯೂನಾನಿಯಲ್ಲಿ ಗಿಲೋ ಎಂದು ಕರೆಯುವ ಇದು ಜ್ವರಕ್ಕೆ ಹಳೆಯ ಮದ್ದು. ಆದರೆ ಜನ ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಕುಡಿದರು. 2021ರಲ್ಲಿ ಮುಂಬೈಯ ವೈದ್ಯರು, ಅಮೃತಬಳ್ಳಿ ಸೇವಿಸಿದ್ದ ಆರು ರೋಗಿಗಳಲ್ಲಿ ಯಕೃತ್ತಿಗೆ ಹಾನಿಯಾದುದನ್ನು ವರದಿ ಮಾಡಿದರು. ಮರುವರ್ಷ ದೇಶದ 13 ಕೇಂದ್ರಗಳ ವೈದ್ಯರು ಅಂಥ 43 ಪ್ರಕರಣಗಳನ್ನು ಪ್ರಕಟಿಸಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿ ಸುರಕ್ಷಿತ, ಅದನ್ನೇ ಹೋಲುವ ಬೇರೆ ಜಾತಿಯ ಬಳ್ಳಿಯನ್ನು ಸೇವಿಸಿರಬಹುದು ಎಂದಿತು. ವಾದ ಯಾವುದೇ ಇರಲಿ, ಎರಡೂ ಕಡೆಯವರ ಮಾತಿನಿಂದ ನಮಗೆ ಸಿಗುವ ಪಾಠ ಒಂದೇ: ಬಳ್ಳಿ ಯಾವುದು, ಎಷ್ಟು, ಎಷ್ಟು ದಿನ, ಯಾರಿಗೆ ಎಂದು ತಿಳಿಯದೆ ಕುಡಿಯಬಾರದು. ಇಸ್ತಿಫಾನ್ ಗ್ರೀಕ್ ಹೆಸರನ್ನು ಹಾಗೆಯೇ ಬಿಟ್ಟದ್ದು ಇದೇ ಭಯದಿಂದ.

ಕಸಿ ಮಾಡಿಸಿಕೊಂಡವರ ವಿಷಯ ಇನ್ನೂ ಸೂಕ್ಷ್ಮ. ಹೊಸ ಮೂತ್ರಪಿಂಡವನ್ನು ದೇಹ ಪರಕೀಯವೆಂದು ಬಗೆದು ತಿರಸ್ಕರಿಸದಿರಲಿ ಎಂದು ಅವರ ರೋಗನಿರೋಧಕ ಶಕ್ತಿಯನ್ನು ವೈದ್ಯರು ಬೇಕೆಂದೇ ಮಾತ್ರೆ ಕೊಟ್ಟು ತಗ್ಗಿಸಿರುತ್ತಾರೆ. ಅಲ್ಲಿ ಶಕ್ತಿ ಹೆಚ್ಚಿಸುವ ಕಷಾಯ ಕೊಡುವುದೆಂದರೆ ಆ ಚಿಕಿತ್ಸೆಗೆ ಎದುರಾಗಿ ನಿಂತಂತೆ. ಹಣ್ಣೂ ಅಡ್ಡಬರಬಹುದು. ನಮ್ಮ ದೇವನಹಳ್ಳಿಯ ಹೆಸರಾಂತ ಚಕ್ಕೋತವನ್ನೇ ನೋಡಿ. ಚಕ್ಕೋತ ತಿಂದ ಮೂತ್ರಪಿಂಡ ಕಸಿಯ ರೋಗಿಯೊಬ್ಬರ ರಕ್ತದಲ್ಲಿ ಟ್ಯಾಕ್ರೊಲಿಮಸ್ ಎಂಬ ಮದ್ದಿನ ಪ್ರಮಾಣ ಏರಿದುದನ್ನು ಜಪಾನಿನ ವೈದ್ಯರು 2003ರಲ್ಲಿ ವರದಿ ಮಾಡಿದ್ದಾರೆ. ಹಣ್ಣಿನ ಸತ್ವವೊಂದು ಆ ಮದ್ದನ್ನು ದೇಹ ಕರಗಿಸುವುದನ್ನು ತಡೆಯುತ್ತದೆ. ಬೇರೆಯವರಿಗೆ ಆ ಹಣ್ಣು ಬರ್ಕತ್. ಅವರಿಗೆ ಮಾತ್ರ ಅಪಾಯ.

ಕೀಮೋಥೆರಪಿಯಲ್ಲಿ ಬಿಳಿರಕ್ತಕಣಗಳು ತೀರಾ ಇಳಿದವರಿಗೆ ಕುದಿಸದ ಪುಡಿ, ಹಸಿ ಎಲೆಯ ರಸಗಳಲ್ಲಿರುವ ಬೂಷ್ಟಿನ ಕಣಗಳೇ ಸೋಂಕು ತರಬಲ್ಲವು. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಕಲೌಂಜಿಯನ್ನು ಹೆಚ್ಚಾಗಿ ಸೇವಿಸಿದರೆ ಸಕ್ಕರೆ ಇನ್ನಷ್ಟು ಇಳಿಯಬಹುದು. ಅಡುಗೆಯಲ್ಲಿ ಹಾಕುವ ಚಿಟಿಕೆ ಕಲೌಂಜಿ, ಶುಂಠಿ, ಅರಿಶಿನದ ಮಾತಲ್ಲ ಇದು. ಮದ್ದೆಂದು ಚಮಚ ಚಮಚವಾಗಿ ಕೊಡುವುದರ ಮಾತು.

ರೋಗಿಯ ಹಕ್ಕು

ಇಷ್ಟು ಹೇಳಿದ್ದು ಗಿಡಮೂಲಿಕೆಯನ್ನು ಹೀಗಳೆಯಲು ಅಲ್ಲ. ಅಜ್ಮಲೀನ್, ವಿನ್‌ಕ್ರಿಸ್ಟಿನ್‌ಗಳೆಲ್ಲ ಗಿಡಗಳಿಂದಲೇ ಬಂದವು. ಅಲ್ಲಾಹನು ಮಣ್ಣಿನಿಂದ ಬೆಳೆಸಿದ ನಿಅಮತ್‌ಗಳು ಅವು. ಆ ನಿಅಮತ್‌ಗೆ ಶುಕ್ರ್ ಸಲ್ಲಿಸುವ ದಾರಿ, ಅದನ್ನು ತಿಳಿದು ಬಳಸುವುದು.

ಆದ್ದರಿಂದ ಇಯಾದತ್‌ಗೆ ಹೋಗುವಾಗ ಮದ್ದಿನ ಸೀಸೆಗಿಂತ ಮೊದಲು ದುಆ ಒಯ್ಯೋಣ, ಊಟ ಒಯ್ಯೋಣ, ಆಸ್ಪತ್ರೆಯ ಖರ್ಚಿಗೆ ಕೈಲಾದ ನೆರವು ಒಯ್ಯೋಣ. ಮನೆಯಲ್ಲಿ ಯಾರಾದರೂ ಕಷಾಯ, ಪುಡಿ, ಎಣ್ಣೆ ಸೇವಿಸುತ್ತಿದ್ದರೆ ಅದರ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ತೋರಿಸೋಣ. ಬೈಯುತ್ತಾರೆಂದು ಮುಚ್ಚಿಡುವುದು ಬೇಡ. ಯೂನಾನಿ ಚಿಕಿತ್ಸೆ ಬೇಕೆನ್ನುವವರು ನೋಂದಾಯಿತ ವೈದ್ಯರ ಬಳಿಗೇ ಹೋಗಲಿ. ನಮ್ಮ ಕಡೆಯವರಿಗೆ ಬಸವೇಶ್ವರನಗರವೂ ಕೊಟ್ಟಿಗೆಪಾಳ್ಯವೂ ದೂರವೇನಲ್ಲ. ಹೋಗುವಾಗ ಆಸ್ಪತ್ರೆಯ ಹಳೆಯ ಚೀಟಿಗಳನ್ನು ಜೊತೆಗೆ ಒಯ್ಯಲಿ. ಮಸೀದಿ ಗೇಟಿನಲ್ಲಿ ಸೀಸೆ ಮಾರುವವರು ಕ್ಯಾನ್ಸರ್ ವಾಸಿಯಾಗುತ್ತದೆ ಎಂದು ಹದೀಸಿನ ಹೆಸರು ಹಿಡಿದು ಹೇಳಿದರೆ, ಹಾಗೆ ಹೇಳಬಾರದೆಂದು ತಿಳಿಸುವುದು ಮಸೀದಿ ಕಮಿಟಿಯವರ ಹೊಣೆ.

ಕಾಯಿಲೆಯವರ ದೇಹ ನಮ್ಮ ಕೈಗೆ ಬಂದಿರುವ ಅಮಾನತ್. ಐದೋ ಏಳೋ ಕಾಳು ಎಂದು ಎಣಿಸಿದವರ ಪರಂಪರೆಯವರು ನಾವು, ಎಣಿಸುವುದನ್ನು ಮರೆಯದಿರೋಣ. ಅಲ್ಲಾಹನು ನಮ್ಮ ಎಲ್ಲ ರೋಗಿಗಳಿಗೆ ಸಂಪೂರ್ಣ ಶಿಫಾ ನೀಡಲಿ, ಅವರ ಸೇವೆ ಮಾಡುವವರಿಗೆ ತಿಳಿವನ್ನೂ ತಾಳ್ಮೆಯನ್ನೂ ಕೊಡಲಿ. ಆಮೀನ್.